ಹೆಸರು ಕೊನೆಗೆ: ಯುದ್ಧಕಾಲದ ಹಳೆಯ ಫೋಟೊದಲ್ಲಿ ಮುರಿದ ವಿಮಾನವನ್ನು ಗುರುತಿಸುವ ಬಗೆ

ಟ್ರಂಕಿನ ತಳದಲ್ಲಿ ಒಂದು ಫೋಟೊ ಸಿಗುತ್ತದೆ. ಮೂತಿ ಮಣ್ಣಿಗೆ ಹುಗಿದ ವಿಮಾನ, ಅದರ ಮುಂದೆ ನಿಂತ ನಾಲ್ಕು ಜನ ಸಿಪಾಯಿಗಳು, ಹಿಂಬದಿಯಲ್ಲಿ ಪೆನ್ಸಿಲಿನ ‘ಜಪಾನ್ ವಿಮಾನ’. ಮನೆಯ ಹುಡುಗರು ಕೂಡಲೇ ಮೊಬೈಲ್ ತೆಗೆದು ಅದನ್ನು ಹೋಲುವ ಚಿತ್ರ ಹುಡುಕುತ್ತಾರೆ. ದಾರಿ ತಪ್ಪುವುದೇ ಇಲ್ಲಿ. ಮೊಬೈಲಿನಲ್ಲಿ ಸಿಗುವುದು ಹಾರುತ್ತಿರುವ ಇಡೀ ವಿಮಾನ. ನಿಮ್ಮ ಕೈಯಲ್ಲಿರುವುದು ಬಾಲ, ಅರ್ಧ ರೆಕ್ಕೆ, ಒಂದು ಗಾಲಿ. ಹೆಸರು ಒಮ್ಮೆ ತಲೆಗೆ ಹೊಕ್ಕಿತೆಂದರೆ ಕಣ್ಣು ಆ ಹೆಸರಿಗೆ ಹೊಂದುವುದನ್ನಷ್ಟೇ ನೋಡುತ್ತದೆ.

ಆದ್ದರಿಂದ ಕ್ರಮವನ್ನು ತಿರುಗಿಸಿ. ಮೊದಲು ಏನು ಉಳಿದಿದೆ ಎಂದು ಬರೆದುಕೊಳ್ಳಿ. ಆಮೇಲೆ ಅದು ಯಾವ ವಿಮಾನ ಆಗಿರಲಾರದು ಎಂದು ತೀರ್ಮಾನಿಸಿ. ಹೆಸರು ಕೊನೆಗೆ ಬರಲಿ. ಹತ್ತು ಹೋಲಿಕೆ ಸಿಕ್ಕರೂ ಹೊಂದದ ಒಂದೇ ಒಂದು ಗುರುತು ಇದ್ದರೆ ಆ ಹೆಸರನ್ನು ಬಿಡಬೇಕು.

ಫೋಟೊ ಈ ಕಡೆಗೆ ಬಂದದ್ದು ಹೇಗೆ

ಯುದ್ಧದ ಕಾಲಕ್ಕೆ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಒಂದೇ ನದಿಯ ಆಚೆ ಈಚೆಯ ಮನೆಗಳಾದರೂ ಕಾಗದಪತ್ರ ಹುಡುಕುವ ಜಾಗ ಬೇರೆ ಬೇರೆ. ಫೋಟೊಗಳಲ್ಲಿ ಮುಖ್ಯವಾಗಿ ಮೂರು ಬಗೆ.

ಮೊದಲನೆಯದು, ದಂಡಿಗೆ ಹೋದವರು ದೂರದ ರಣರಂಗಗಳಿಂದ ತಂದದ್ದು. ಭಾರತದ 4 ಮತ್ತು 5ನೇ ಡಿವಿಷನ್‌ಗಳು 1941ರಲ್ಲಿ ಎರಿಟ್ರಿಯದ ಕೆರೆನ್‌ನಲ್ಲಿ ಇಟಲಿಯವರ ಮೇಲೆ ಕಾದಿದವು. ಲಿಬಿಯ, ಇರಾಕ್, ಇಟಲಿ, ಇಂಫಾಲ್, ಬರ್ಮಾಗಳಲ್ಲೂ ಭಾರತದ ದಂಡು ಇತ್ತು. ಎಚ್ಚರದ ಮಾತು: ಇಂಥ ಫೋಟೊಗಳೆಲ್ಲ ತಾತನೇ ತೆಗೆದವಲ್ಲ. ಸಿಪಾಯಿಗಳು ಪೇಟೆಯ ಸ್ಟುಡಿಯೊಗಳಲ್ಲಿ ನೆನಪಿಗೆಂದು ಪ್ರತಿಗಳನ್ನು ಕೊಳ್ಳುತ್ತಿದ್ದರು, ತಮ್ಮ ತಮ್ಮಲ್ಲೇ ಹಂಚಿಕೊಳ್ಳುತ್ತಿದ್ದರು. ಒಂದೇ ವಿಮಾನದ ಒಂದೇ ಚಿತ್ರ ಹತ್ತು ಮನೆಗಳ ಆಲ್ಬಮ್‌ನಲ್ಲಿ ಇರಬಹುದು. ‘ತಾತ ಅಲ್ಲಿದ್ದರು’ ಎನ್ನುವುದಕ್ಕೆ ಫೋಟೊ ಒಂದೇ ಸಾಕ್ಷಿಯಾಗುವುದಿಲ್ಲ.

ಎರಡನೆಯದು, ಇಲ್ಲೇ ತೆಗೆದದ್ದು. ಬಳ್ಳಾರಿಗೂ ವಿಮಾನಕ್ಕೂ ಯುದ್ಧಕ್ಕಿಂತ ಹಿಂದಿನ ನಂಟಿದೆ. 1932ರ ಅಕ್ಟೋಬರ್‌ನಲ್ಲಿ ಟಾಟಾ ಟಪಾಲು ವಿಮಾನ ಕರಾಚಿಯಿಂದ ಹೊರಟಾಗ ಮುಂಬಯಿಯಿಂದ ಮದ್ರಾಸಿಗೆ ಹೋಗುವ ದಾರಿಯಲ್ಲಿ ಬಳ್ಳಾರಿಯಲ್ಲಿ ನಿಲ್ಲುತ್ತಿತ್ತು. ಅದು ಪುಸ್ ಮಾತ್: ರೆಕ್ಕೆ ಕ್ಯಾಬಿನ್ನಿನ ಮೇಲ್ಗಡೆ, ಒಂದೇ ಎಂಜಿನ್. ಒಡಲ ಮೇಲೆ ದೊಡ್ಡದಾಗಿ ‘ವಿಟಿ’ಯಿಂದ ಶುರುವಾಗುವ ಐದು ಅಕ್ಷರ ಕಂಡರೆ ಅದು ನಾಗರಿಕ ವಿಮಾನ, ಯುದ್ಧದ ಗೊಡವೆಯೇ ಬೇಡ. ರಾಯಚೂರಿನ ಕಡೆಯ ಚಿತ್ರವಾದರೆ ಹೈದರಾಬಾದಿನ ಬೇಗಂಪೇಟೆಯಲ್ಲಿ ವಾಯುಪಡೆಯ ಪ್ರಾಥಮಿಕ ತರಬೇತಿ ಶಾಲೆ ಇದ್ದುದನ್ನು ನೆನಪಿಡಿ. ಅಲ್ಲಿನವು ಟೈಗರ್ ಮಾತ್, ಎರಡು ಅಂತಸ್ತಿನ ಬಟ್ಟೆ ರೆಕ್ಕೆಯವು.

ಮೂರನೆಯದು 1948ರ ಸೆಪ್ಟೆಂಬರ್‌ನ ಹೈದರಾಬಾದ್ ಕಾರ್ಯಾಚರಣೆಯದು. ಆಗ ಭಾರತದ ವಾಯುಪಡೆ ಟೆಂಪೆಸ್ಟ್ ಯುದ್ಧವಿಮಾನ ಬಳಸಿತು. ಮನೆಯವರು ‘ಯುದ್ಧದ ಕಾಲದ್ದು’ ಎಂದರೆ ಯಾವ ಯುದ್ಧ ಎಂದು ಕೇಳಿಕೊಳ್ಳಿ.

ಪ್ರತಿ ತೆಗೆಯುವುದು

ಗಾಜಿಗೆ ಅಂಟಿದ ಫೋಟೊವನ್ನು ಕೀಳಬೇಡಿ. ತೇವಕ್ಕೂ ಸೆಕೆಗೂ ಫೋಟೊದ ಜೆಲಟಿನ್ ಪದರ ಮೆತ್ತಗಾಗಿ ಗಾಜಿಗೆ ಹಿಡಿದುಕೊಂಡಿರುತ್ತದೆ. ಎಳೆದರೆ ಚಿತ್ರವೇ ಗಾಜಿನ ಮೇಲೆ ಉಳಿಯುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಒದ್ದೆ ಬಟ್ಟೆ, ಸ್ಪಿರಿಟ್ ಬೇಡ. ಮೆತ್ತನೆಯ ಒಣ ಬ್ರಷ್ ಸಾಕು.

ಆ ಕಾಲದ ಬಾಕ್ಸ್ ಕ್ಯಾಮೆರಾದ ಫೋಟೊಗಳು ಬಹಳಷ್ಟು 6×9 ಸೆಂ.ಮೀ. ನೆಗೆಟಿವ್ ಅಳತೆಯವೇ. ಅಷ್ಟು ಸಣ್ಣದಕ್ಕೆ 1200 ಡಿಪಿಐ (ಅಂಗುಲಕ್ಕೆ 1200 ಚುಕ್ಕೆ), ಪೋಸ್ಟ್‌ಕಾರ್ಡ್ ಅಳತೆಗೆ 600, ನೆಗೆಟಿವ್ ಸಿಕ್ಕಿದರೆ 2400 ಅಥವಾ ಹೆಚ್ಚು ಇಟ್ಟುಕೊಳ್ಳಿ. 16 ಬಿಟ್ ಇರಲಿ, ಟಿಫ್ ಕಡತವಾಗಿ ಉಳಿಸಿ. ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿಯಲ್ಲಿ ಸಂಖ್ಯೆ ಓದಲು ಹೋಗಬೇಡಿ. ಅಲ್ಲಿ ಚಿತ್ರವನ್ನು ಹಿಂಡುವಾಗ 3 ಮತ್ತು 8 ಒಂದೇ ಥರ ಕಾಣುತ್ತವೆ.

ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಅಳಿಸಿದ ಪೆನ್ಸಿಲ್ ಬರಹವಿದ್ದರೆ ಟಾರ್ಚನ್ನು ಕಾಗದಕ್ಕೆ ಸಮನಾಗಿ ಒಂದು ಪಕ್ಕದಿಂದ ಹಿಡಿದು ಫೋಟೊ ತೆಗೆಯಿರಿ. ಒತ್ತಿ ಬರೆದ ಗೆರೆಯ ತಗ್ಗು ನೆರಳಾಗಿ ಕಾಣುತ್ತದೆ. ಅಂಚಿನಲ್ಲಿ ನೀಲಿ ಬೆಳ್ಳಿಯ ಹೊಳಪು ಬಂದಿದ್ದರೆ ಬೆಳಕಿನ ಕೋನ ಬದಲಿಸುತ್ತಾ ಎರಡು ಮೂರು ಪ್ರತಿ ತೆಗೆದಿಡಿ.

ಒಂದು ಖಡಾಖಂಡಿತ ಮಾತು: ಮಸುಕು ಚಿತ್ರವನ್ನು ‘ಚೊಕ್ಕ ಮಾಡುವ’ ಎಐ ಆ್ಯಪ್‌ಗಳನ್ನು ಈ ಕೆಲಸಕ್ಕೆ ಮುಟ್ಟಲೇಬೇಡಿ. ಅವು ಇಲ್ಲದ ರಿವೆಟ್ಟು, ಇಲ್ಲದ ಅಕ್ಷರ ಬರೆದುಕೊಡುತ್ತವೆ. ಕಾಂಟ್ರಾಸ್ಟ್ ಹೆಚ್ಚು ಕಡಿಮೆ ಮಾಡುವುದಕ್ಕಿಂತ ಮುಂದೆ ಹೋಗುವ ಅಗತ್ಯವಿಲ್ಲ.

ಎಡ ಬಲ ಸರಿ ಇದೆಯೇ?

ನೆಗೆಟಿವ್ ತಿರುಗಿಸಿ ಪ್ರಿಂಟ್ ಹಾಕಿದ್ದರೆ ಮುಂದಿನ ಲೆಕ್ಕವೆಲ್ಲ ಉಲ್ಟಾ. ಅಕ್ಷರಗಳಿದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಮನುಷ್ಯರನ್ನು ನೋಡಿ: ಗಂಡಸರ ಅಂಗಿಯಲ್ಲಿ ಎಡಪಟ್ಟಿ ಮೇಲೆ ಬರುತ್ತದೆ, ಪೈಲಟ್‌ನ ರೆಕ್ಕೆ ಬಿಲ್ಲೆ ಎಡಗಡೆ ಜೇಬಿನ ಮೇಲಿರುತ್ತದೆ. ವಿಮಾನದಲ್ಲೇ ನೋಡುವುದಾದರೆ, ಬ್ರಿಟಿಷರ ಫೈಟರ್ ವಿಮಾನ ಸ್ಪಿಟ್‌ಫೈರ್‌ನ ಕಾಕ್‌ಪಿಟ್ ಬಾಗಿಲು ಎಡಮಗ್ಗುಲಲ್ಲಿದೆ. ಬ್ರಿಟಿಷರ ಇನ್ನೊಂದು ಫೈಟರ್ ಹರಿಕೇನ್, ಸ್ಪಿಟ್‌ಫೈರ್ ಎರಡರಲ್ಲೂ ಗಾಳಿಯ ವೇಗ ಅಳೆಯುವ ಕೊಳವೆ ಎಡರೆಕ್ಕೆಯ ಕೆಳಗಿದೆ.

ಎಲುಬು ಮೊದಲು, ಬಣ್ಣ ಆಮೇಲೆ

ಬಣ್ಣ ಬಳಿದದ್ದನ್ನು ಮತ್ತೆ ಬಳಿಯಬಹುದು, ಸೆನ್ಸಾರಿನವರು ಅಳಿಸಬಹುದು, ಮಳೆಗಾಳಿಗೆ ಮಾಸಬಹುದು. ವಿಮಾನದ ಒಳಗಟ್ಟು ಹಾಗಲ್ಲ. ಬಿದ್ದಾಗ ಏನು ಉಳಿಯುತ್ತದೆ ಎಂಬುದಕ್ಕೂ ಒಂದು ನಿಯಮವಿದೆ: ಮೂತಿ ಮೊದಲು ನೆಲಕ್ಕೆ ಬಡಿಯುತ್ತದೆ, ಟ್ಯಾಂಕು ಮತ್ತು ಎಂಜಿನ್ ಇರುವ ನಡುಭಾಗ ಉರಿಯುತ್ತದೆ, ಅಲ್ಯೂಮಿನಿಯಂ ಕರಗಿ ಗಟ್ಟಿಯಾಗುತ್ತದೆ, ಬಾಲ ಉಳಿಯುತ್ತದೆ. ಉಕ್ಕಿನ ಕೊಳವೆಗಳೂ ಎಂಜಿನ್ನೂ ಬೆಂಕಿಗೆ ಜಗ್ಗುವುದಿಲ್ಲ. ಹಾಗಾಗಿ ಬಾಲದಿಂದ ಶುರುಮಾಡಿ ಮುಂದಕ್ಕೆ ಬನ್ನಿ.

ಬಾಲದ ಲಂಬ ರೆಕ್ಕೆ ಒಂದೋ ಎರಡೋ? ಎರಡು ಎಂಜಿನ್ನಿನ ದೊಡ್ಡ ವಿಮಾನಕ್ಕೆ ಒಂದೇ ಲಂಬ ರೆಕ್ಕೆಯಿದ್ದು ಕಿಟಕಿಗಳ ಸಾಲು ಇದ್ದರೆ ಜನ, ಸರಕು ಸಾಗಿಸುವ ಡಕೋಟಾದತ್ತ ನೋಡಿ. ಎರಡು ಲಂಬ ರೆಕ್ಕೆ ಇದ್ದರೆ ಡಕೋಟಾ ಅಲ್ಲವೇ ಅಲ್ಲ. ಹಡ್ಸನ್, ಮಿಚೆಲ್, ನಾಲ್ಕು ಎಂಜಿನ್ನಿನ ಬಾಂಬರ್ ಲಿಬರೇಟರ್‌ಗಳನ್ನು ಪರಿಶೀಲಿಸಿ. ಲಿಬರೇಟರ್‌ದು ಮೊಟ್ಟೆಯಾಕಾರದ ಜೋಡಿ ಬಾಲ, ರೆಕ್ಕೆ ಒಡಲಿನ ಮೇಲ್ತುದಿಯಲ್ಲಿ, 33.5 ಮೀಟರ್ ಉದ್ದದ್ದು.

ಒಡಲಿನ ಹೊದಿಕೆ ಸುಟ್ಟುಹೋದ ಕಡೆ ಒಳಗೆ ಏನು ಕಾಣುತ್ತದೆ? ಬುಟ್ಟಿ ಹೆಣೆದ ಹಾಗೆ ಓರೆ ಓರೆಯಾಗಿ ದಾಟುವ ಲೋಹದ ಪಟ್ಟಿಗಳಾದರೆ ಬ್ರಿಟಿಷ್ ಬಾಂಬರ್ ವೆಲಿಂಗ್ಟನ್ ಅಥವಾ ಅದೇ ಕಟ್ಟಿನ ವೆಲ್ಲೆಸ್ಲಿ. ಉದ್ದುದ್ದ ಕೊಳವೆಗಳ ಪಂಜರ, ಅದರ ಮೇಲೆ ಮರದ ಪಟ್ಟಿ, ಹರಿದ ಬಟ್ಟೆ ಕಂಡರೆ ಹರಿಕೇನ್ ಆಗಿರುವ ಸಾಧ್ಯತೆ ಹೆಚ್ಚು. ಹೊರಮೈಯೇ ಬಲ ಹೊರುವ ತಗಡಿನ ಚಿಪ್ಪಾದರೆ ಹರಿಕೇನ್ ಬಿಡಿ. ತಗಡು ಅಲೆ ಅಲೆಯಾಗಿದ್ದು ಮೂರು ಎಂಜಿನ್ ಇದ್ದರೆ ಜರ್ಮನರ ಯುಂಕರ್ಸ್ 52. ಮೂರು ಎಂಜಿನ್ ಇದ್ದು ಮೈ ನುಣುಪಾಗಿ, ಕಾಕ್‌ಪಿಟ್ಟಿನ ಹಿಂದೆ ಡುಬ್ಬ ಇದ್ದರೆ ಇಟಲಿಯ ಸವೋಯ ಮಾರ್ಕೆಟ್ಟಿ 79. ಎರಿಟ್ರಿಯ, ಲಿಬಿಯದ ಆಲ್ಬಮ್‌ಗಳಲ್ಲಿ ಇದನ್ನು ಎದುರುನೋಡಬಹುದು.

ಹರಿಕೇನ್ ಮತ್ತು ಸ್ಪಿಟ್‌ಫೈರ್ ನಡುವಿನ ಗೊಂದಲ ತುಂಬ ಸಾಮಾನ್ಯ, ಬಿಡಿಸುವುದು ಸುಲಭ. ಹರಿಕೇನ್‌ನ ಗಾಲಿಗಳು ಅಗಲವಾಗಿ ನಿಂತು ಒಳಗೆ ಮಡಚಿಕೊಳ್ಳುತ್ತವೆ. ಸ್ಪಿಟ್‌ಫೈರ್‌ದು ಹತ್ತಿರ ಹತ್ತಿರ ನಿಂತು ಹೊರಗೆ ಮಡಚಿಕೊಳ್ಳುತ್ತವೆ. ಹರಿಕೇನ್‌ನ ರೇಡಿಯೇಟರ್ ಹೊಟ್ಟೆಯ ನಡುವೆ ಒಂದೇ. ಸ್ಪಿಟ್‌ಫೈರ್‌ನಲ್ಲಿ ರೆಕ್ಕೆಗಳ ಕೆಳಗೆ. ಮೊದಲ ಮಾದರಿಗಳಲ್ಲೂ ಐದನೇ ಮಾರ್ಕಿನಲ್ಲೂ (ಮಾರ್ಕ್ ಎಂದರೆ ಮಾದರಿಯ ಕ್ರಮಸಂಖ್ಯೆ) ಬಲಗಡೆ ದೊಡ್ಡದು, ಎಡಗಡೆ ಸಣ್ಣದು. ಎಂಟು, ಒಂಬತ್ತನೇ ಮಾರ್ಕುಗಳಲ್ಲಿ ಎರಡೂ ಸಮ. ಹರಿಕೇನ್‌ನ ರೆಕ್ಕೆ ಮುರಿದರೆ ಗಾಲಿಯ ಹೊರಮಗ್ಗುಲಲ್ಲಿ ನೇರ ಗೆರೆಯಲ್ಲಿ ಬಿಟ್ಟುಕೊಳ್ಳುವುದುಂಟು, ಹೊರರೆಕ್ಕೆಯನ್ನು ನಡುಭಾಗಕ್ಕೆ ಸೇರಿಸಿರುವುದು ಅಲ್ಲೇ. ಡಕೋಟಾದಲ್ಲಿ ಅದೇ ಥರದ ಬೋಲ್ಟ್ ಸಾಲು ಎಂಜಿನ್ನಿನ ಹೊರಗಡೆಗಿದೆ.

ಎಂಜಿನ್ ಬೇರೆಯಾಗಿ ಬಿದ್ದಿದ್ದರೆ ಅದು ಪುಣ್ಯ. ಮೊದಲ ಪ್ರಶ್ನೆ, ಸಿಲಿಂಡರುಗಳು ಸುತ್ತಲೂ ಇವೆಯೇ, ಎರಡು ಉದ್ದ ಸಾಲಾಗಿವೆಯೇ? ಎರಡು ಸಾಲಿದ್ದು ಹೊಗೆಕೊಳವೆಗಳು ಮೇಲ್ಗಡೆ ಇದ್ದರೆ ಹರಿಕೇನ್, ಸ್ಪಿಟ್‌ಫೈರ್‌ಗಳ ಮರ್ಲಿನ್ ಥರದ್ದು. ಕೆಳಗಡೆ ಇದ್ದರೆ ತಲೆಕೆಳಗಾಗಿ ಕೂರಿಸಿದ ಜರ್ಮನ್ ಎಂಜಿನ್: ಮೆಸ್ಸರ್‌ಶ್ಮಿಟ್ 109, ಯುಂಕರ್ಸ್ 87 ಎರಡರಲ್ಲೂ ಹೀಗೇ.

ಸುತ್ತಲೂ ಇದ್ದರೆ ಎಣಿಸಿ. ಒಂದೇ ಸಾಲಿನ 9 ಆದರೆ ಬ್ಲೆನ್‌ಹೈಮ್‌ನ ಮರ್ಕ್ಯುರಿ, ಅಮೆರಿಕದ ಸೈಕ್ಲೋನ್ ಇತ್ಯಾದಿ. ಎರಡು ಸಾಲಿನ 14 ಆದರೆ ಡಕೋಟಾ, ಲಿಬರೇಟರ್‌ಗಳ ಟ್ವಿನ್ ವಾಸ್ಪ್, ಜಪಾನಿನ ಸಕಾಯೆ, ಇನ್ನೂ ಹಲವು. 18 ಆದರೆ ಅಮೆರಿಕದ ಫೈಟರ್ ಥಂಡರ್‌ಬೋಲ್ಟ್‌ನ ಡಬಲ್ ವಾಸ್ಪ್, ಟೆಂಪೆಸ್ಟ್‌ನ ಸೆಂಟಾರಸ್. ಇವೆರಡನ್ನು ಬೇರ್ಪಡಿಸಲು ಒಂದು ಉಪಾಯ: ಅಮೆರಿಕದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿನ ತಲೆಗೆ ಎರಡೆರಡು ಸಪೂರ ಕೊಳವೆಗಳು ಏರುತ್ತವೆ, ವಾಲ್ವ್ ಎತ್ತುವ ಕಡ್ಡಿಗಳು ಅದರೊಳಗಿವೆ. ಬ್ರಿಸ್ಟಲ್ ಕಂಪನಿಯ ಹರ್ಕ್ಯುಲಿಸ್, ಸೆಂಟಾರಸ್‌ಗಳು ಸ್ಲೀವ್ ವಾಲ್ವ್ ಎಂಜಿನ್. ಆ ಕೊಳವೆಗಳೇ ಇಲ್ಲ. ಸಿಲಿಂಡರಿನ ತಲೆ ಬೋಳಾಗಿದ್ದರೆ ಅದು ಡಬಲ್ ವಾಸ್ಪ್ ಅಲ್ಲ.

ಪಂಖದ ಅಲಗುಗಳು ಬೇರೆಯದೇ ಕತೆ ಹೇಳುತ್ತವೆ. ಎಲ್ಲ ಅಲಗುಗಳೂ ಒಂದೇ ರೀತಿ ಮಣಿದಿದ್ದರೆ ಬೀಳುವಾಗ ಎಂಜಿನ್ ತಿರುಗುತ್ತಿತ್ತು. ಒಂದೋ ಎರಡೋ ಹಿಂದಕ್ಕೆ ಮಡಚಿ ಉಳಿದದ್ದು ನೆಟ್ಟಗಿದ್ದರೆ ಎಂಜಿನ್ ನಿಂತಿತ್ತು. ಆದರೆ ಇದು ಲೋಹದ ಅಲಗಿಗೆ ಮಾತ್ರ. ಬ್ರಿಟಿಷರ ರೋಟಲ್ ಕಂಪನಿಯ ಪಂಖಗಳಲ್ಲಿ ಹಲವು ಮರದ ಅಲಗಿನವು. ಅವು ಮಣಿಯುವುದಿಲ್ಲ, ಬುಡದಲ್ಲೇ ಸೀಳಿ ಹೋಗುತ್ತವೆ. ಮೊಂಡು ಬುಡ ಮಾತ್ರ ಉಳಿದಿದ್ದನ್ನು ನೋಡಿ ‘ಪಂಖ ಯಾರೋ ಬಿಚ್ಚಿಕೊಂಡಿದ್ದಾರೆ’ ಎಂದುಕೊಳ್ಳುವುದು ಸಾಮಾನ್ಯ ತಪ್ಪು.

ನಿಜಕ್ಕೂ ಬಿಚ್ಚಿಕೊಂಡ ವಿಮಾನಗಳೂ ಇವೆ. ಎಂಜಿನ್ ಇರಬೇಕಾದ ಕಡೆ ಖಾಲಿ ಚೌಕಟ್ಟು, ಕಾಕ್‌ಪಿಟ್ಟಿನ ಮೀಟರುಗಳ ಜಾಗದಲ್ಲಿ ದುಂಡು ತೂತು, ಒಡಲಿನಲ್ಲಿ ನೇರ ಕೊಯ್ತ, ಪಕ್ಕದಲ್ಲಿ ಬೇರೆ ಬೇರೆ ಜಾತಿಯ ವಿಮಾನಗಳ ರಾಶಿ: ಇದು ಅಪಘಾತವಲ್ಲ, ಗುಜರಿ ಅಂಗಳ. ಯುದ್ಧ ಮುಗಿದ ಮೇಲೆ ಭಾರತದಲ್ಲೇ ಇಂಥ ರಾಶಿಗಳಾದವು. ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್‌ಗಳಲ್ಲಿ ಸುಮಾರು 40ನ್ನು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನವರು 1948ರಿಂದ ದುರಸ್ತಿ ಮಾಡಿ ಮತ್ತೆ ಹಾರಿಸಿದರು.

ಅಳತೆ

ಕಣ್ಣಂದಾಜು ಬೇಡ, ಸ್ಕೇಲು ಹಿಡಿಯಿರಿ. ಅಳೆಯುವ ಭಾಗದಷ್ಟೇ ದೂರದಲ್ಲಿ ನಿಂತ ಮನುಷ್ಯ ಬೇಕು. ಮುಂದೆ ನಿಂತವನನ್ನು ಹಿಡಿದರೆ ವಿಮಾನ ಕಿರಿದಾಗಿಬಿಡುತ್ತದೆ. ಎಂಜಿನ್ನಿಗೆ ಒರಗಿ ನಿಂತ ಸಿಪಾಯಿ ಚಿತ್ರದಲ್ಲಿ 42 ಮಿ.ಮೀ., ಎಂಜಿನ್ನಿನ ಅಡ್ಡಗಲ 31 ಮಿ.ಮೀ. ಎಂದುಕೊಳ್ಳಿ. ಆತನ ಎತ್ತರ 1.65 ಮೀಟರ್ ಎಂದಿಟ್ಟರೆ ಎಂಜಿನ್ 1.22 ಮೀಟರ್. ಟ್ವಿನ್ ವಾಸ್ಪ್‌ನ ಅಡ್ಡಗಲ ಅಷ್ಟೇ. ಡಬಲ್ ವಾಸ್ಪ್ 1.34, ಒಂಬತ್ತು ಸಿಲಿಂಡರಿನ ಸೈಕ್ಲೋನ್ ಸುಮಾರು 1.4, ಸಕಾಯೆ 1.15.

ಸಿಪಾಯಿಯ ಎತ್ತರದಲ್ಲಿ 6 ಸೆಂ.ಮೀ. ತಪ್ಪಿದರೆ ಎಂಜಿನ್ ಅಳತೆ 4-5 ಸೆಂ.ಮೀ. ಆಚೀಚೆ ಹೋಗುತ್ತದೆ. ಅಂದರೆ 1.22ನ್ನು 1.34ರಿಂದ ಬೇರ್ಪಡಿಸಬಹುದು, 1.34ನ್ನು 1.4ರಿಂದ ಬೇರ್ಪಡಿಸಿದೆ ಎಂದು ಹೇಳಿಕೊಳ್ಳಬಾರದು. ಸಿಲಿಂಡರ್ ಹೆಚ್ಚಾದಷ್ಟೂ ಎಂಜಿನ್ ಅಗಲವಾಗುತ್ತದೆ ಎಂಬ ಊಹೆಯೂ ಬೇಡ. 9ರ ಸೈಕ್ಲೋನ್ 18ರ ಡಬಲ್ ವಾಸ್ಪ್‌ಗಿಂತ ಅಗಲ, ಒಂದೇ ಸಾಲಿನಲ್ಲಿ ದೊಡ್ಡ ಸಿಲಿಂಡರುಗಳು ಇರುವುದರಿಂದ.

ರೆಕ್ಕೆ ಪೂರ್ತಿ ಇದ್ದರೆ ಇವು ನೆನಪಿರಲಿ: ಟೈಗರ್ ಮಾತ್ 8.9 ಮೀಟರ್, ಸ್ಪಿಟ್‌ಫೈರ್ 11.2, ಹರಿಕೇನ್ 12.2, ಥಂಡರ್‌ಬೋಲ್ಟ್ 12.4, ಹಾರ್ವರ್ಡ್ 12.8, ಡಕೋಟಾ 29.

ವೃತ್ತ, ಶಿಲುಬೆ, ನಕ್ಷತ್ರ

ಈಗ ಬಣ್ಣಕ್ಕೆ ಬನ್ನಿ. ಆದರೆ ಮೊದಲು ಫಿಲ್ಮ್ ಯಾವುದೆಂದು ತಿಳಿಯಬೇಕು. ಆ ಕಾಲದ ಆರ್ಥೊಕ್ರೊಮ್ಯಾಟಿಕ್ ಫಿಲ್ಮ್ ಕೆಂಪು ಬೆಳಕನ್ನು ಹಿಡಿಯುತ್ತಿರಲಿಲ್ಲ. ಅದರಲ್ಲಿ ಕೆಂಪು ಕಪ್ಪಾಗಿ, ಹಳದಿ ಗಾಢವಾಗಿ, ನೀಲಿ ತಿಳಿಯಾಗಿ ಬರುತ್ತದೆ. ಪ್ಯಾನ್‌ಕ್ರೊಮ್ಯಾಟಿಕ್‌ನಲ್ಲಿ ಕೆಂಪು ನಡುಬೂದು. ಬ್ರಿಟಿಷ್ ವಿಮಾನದ ಬಾಲದಲ್ಲಿ ಕೆಂಪು, ಬಿಳಿ, ನೀಲಿ ಪಟ್ಟಿಗಳಿದ್ದು ಕೆಂಪು ಸದಾ ಮೂತಿಯ ಕಡೆಗಿರುತ್ತದೆ. ಮುಂದಿನ ಪಟ್ಟಿ ಹಿಂದಿನದಕ್ಕಿಂತ ಕಪ್ಪಾಗಿದ್ದರೆ ಫಿಲ್ಮ್ ಆರ್ಥೊ. ದೇಶದ ಗುರುತಾಗಿ ರೆಕ್ಕೆ, ಒಡಲ ಮೇಲೆ ಬಳಿದ ವೃತ್ತದ ಹೊರಸುತ್ತಿನ ಹಳದಿ ಬಳೆ ಆರ್ಥೊದಲ್ಲಿ ಕಪ್ಪಾಗಿ ಮರೆಯಾಗುವುದರಿಂದ ‘ಹಳದಿ ಬಳೆ ಇಲ್ಲ, ಹಾಗಾಗಿ 1940ಕ್ಕೆ ಮುಂಚಿನದು’ ಎಂಬಂಥ ತೀರ್ಮಾನಗಳು ಕುಸಿದು ಬೀಳುತ್ತವೆ.

ಬರ್ಮಾ ರಂಗದಲ್ಲಿ ಜಪಾನಿನ ಕೆಂಪು ಸೂರ್ಯನ ಜೊತೆ ಗೊಂದಲವಾಗಬಾರದೆಂದು ಬ್ರಿಟಿಷರೂ ಭಾರತೀಯರೂ ತಮ್ಮ ವೃತ್ತದಿಂದ ಕೆಂಪನ್ನೇ ತೆಗೆದರು. ಆಗ್ನೇಯ ಏಷ್ಯಾ ಕಮಾಂಡಿನ ವಿಮಾನಗಳಲ್ಲಿ ಗಾಢ ನೀಲಿಯೊಳಗೆ ತಿಳಿ ನೀಲಿ, ಅದೂ 16 ಅಂಗುಲದ ಸಣ್ಣ ವೃತ್ತ. 1945ರ ಆರಂಭದಿಂದ ರೆಕ್ಕೆ, ಬಾಲಗಳ ಮೇಲೆ ಅಗಲ ಬಿಳಿ ಪಟ್ಟಿಗಳೂ ಬಂದವು. ಬೆಳ್ಳಿ ಬಣ್ಣದ ವಿಮಾನಕ್ಕೆ ಅದೇ ಪಟ್ಟಿ ಗಾಢ ಬಣ್ಣದಲ್ಲಿ.

ಅಮೆರಿಕದ ನಕ್ಷತ್ರ ಒಳ್ಳೆಯ ಕ್ಯಾಲೆಂಡರು. ನಡುವೆ ಕೆಂಪು ಚುಕ್ಕೆ ಇದ್ದರೆ ಅದು 1942ರ ಮೇಗೆ ಮುಂಚಿನ ಗುರುತು. ಎರಡೂ ಕಡೆ ಬಿಳಿ ಪಟ್ಟಿ ಸೇರಿದ್ದು 1943ರ ಜೂನ್ ಕೊನೆಗೆ. ಹೊಸ ಆದೇಶ ಬಂದ ದಿನವೇ ಎಲ್ಲ ವಿಮಾನಕ್ಕೂ ಬಣ್ಣ ಬೀಳುವುದಿಲ್ಲ. ಹಳೆ ಗುರುತು ತಿಂಗಳುಗಟ್ಟಲೆ ಉಳಿಯಬಹುದು. ಹೊಸ ಗುರುತು ಮಾತ್ರ ಆದೇಶಕ್ಕಿಂತ ಮುಂಚೆ ಬರಲಾರದು. ಚಿತ್ರ ಇದಕ್ಕಿಂತ ಹಿಂದಿನದಲ್ಲ ಎನ್ನುವುದಷ್ಟೇ ಗಟ್ಟಿ ಮಾತು.

ಇಟಲಿಯ ಬಾಲದಲ್ಲಿ ಬಿಳಿ ಶಿಲುಬೆ, ರೆಕ್ಕೆಯ ವೃತ್ತದಲ್ಲಿ ಮೂರು ಕಟ್ಟಿಗೆ ಕಟ್ಟಿನ ಚಿಹ್ನೆ. ಜರ್ಮನ್ ಬಾಲದಲ್ಲಿ ಸ್ವಸ್ತಿಕ. ಅಲ್ಲಿ ಚೌಕಾಕಾರದ ತೂತು ಕಂಡರೂ ಅದೇ ಸುಳಿವು, ಸಿಪಾಯಿಗಳು ನೆನಪಿಗೆಂದು ಕತ್ತರಿಸಿಕೊಳ್ಳುತ್ತಿದ್ದದ್ದು ಅದನ್ನೇ. ಭಾರತದ ವಿಮಾನದಲ್ಲಿ ಅಶೋಕ ಚಕ್ರದ ವೃತ್ತವಿದ್ದರೆ ಸ್ವಾತಂತ್ರ್ಯದ ನಂತರದ, 1950ರ ಗಣರಾಜ್ಯಕ್ಕೆ ಮುಂಚಿನ ಸಣ್ಣ ಅವಧಿ.

ಇನ್ನೊಂದು ಬಲೆ ನಮ್ಮ ಜಿಲ್ಲೆಗಳಿಗೇ ಸಂಬಂಧಿಸಿದ್ದು. ಕಾಕ್‌ಪಿಟ್ಟಿನ ಹತ್ತಿರ ‘ಹೈದರಾಬಾದ್’ ಅಥವಾ ‘ಮದ್ರಾಸ್’ ಎಂದು ಬರೆದಿದ್ದರೆ ವಿಮಾನ ಅಲ್ಲಿ ಬಿತ್ತು ಎಂದಲ್ಲ, ಅಲ್ಲಿನ ದುಡ್ಡಿನಲ್ಲಿ ಕೊಂಡದ್ದು ಎಂದು. 1918ರಲ್ಲೇ ನಿಜಾಮರ ಕಾಣಿಕೆಯ ಡಿಎಚ್-9ಎ ವಿಮಾನಗಳಲ್ಲಿ 110ನೇ ಸ್ಕ್ವಾಡ್ರನ್ ಫ್ರಾನ್ಸಿನಲ್ಲಿ ಹಾರಿತು. ಎರಡನೇ ಯುದ್ಧದಲ್ಲಿ 5,000 ಪೌಂಡ್ ಕೊಟ್ಟವರ ಹೆಸರನ್ನು ಸ್ಪಿಟ್‌ಫೈರ್ ಮೇಲೆ ಬರೆಯುತ್ತಿದ್ದರು. 152 ಮತ್ತು 253ನೇ ಸ್ಕ್ವಾಡ್ರನ್‌ಗಳ ಹೆಸರಿನಲ್ಲಿ ಹೈದರಾಬಾದ್, 79, 234, 264ರಲ್ಲಿ ಮದ್ರಾಸ್ ಪ್ರಾಂತ್ಯ ಸೇರಿತ್ತು.

ಸಂಖ್ಯೆ ಓದುವಾಗ

ಬ್ರಿಟಿಷ್ ಸೀರಿಯಲ್ (ಪ್ರತಿ ವಿಮಾನದ ಕ್ರಮಸಂಖ್ಯೆ) ಒಡಲಿನ ಹಿಂಭಾಗದಲ್ಲಿ, ಸಾಮಾನ್ಯವಾಗಿ 8 ಅಂಗುಲ ಎತ್ತರ. ಹಳೆಯದಾದರೆ ಒಂದು ಅಕ್ಷರ, ನಾಲ್ಕು ಅಂಕೆ. ಆಮೇಲೆ ಎರಡು ಅಕ್ಷರ, ಮೂರು ಅಂಕೆ. ‘ಐ’, ‘ಓ’ ಅಕ್ಷರಗಳನ್ನು ಬಳಸುತ್ತಿರಲಿಲ್ಲ. ಹಾಗೆ ಕಂಡರೆ 1 ಅಥವಾ 0 ಇರಬಹುದೇ ನೋಡಿ. ಒಟ್ಟು ಎಷ್ಟು ವಿಮಾನ ಕಟ್ಟಿದರೆಂದು ಶತ್ರುವಿಗೆ ತಿಳಿಯಬಾರದೆಂದು ಸರಣಿಯ ನಡುನಡುವೆ ಸಂಖ್ಯೆಗಳನ್ನು ಖಾಲಿ ಬಿಡುತ್ತಿದ್ದರು. ನಿಮ್ಮ ಸಂಖ್ಯೆ ಖಾಲಿ ಜಾಗದಲ್ಲಿ ಬಿದ್ದರೆ ಒಂದು ಅಂಕೆ ತಪ್ಪಾಗಿ ಓದಿದ್ದೀರಿ. ಅಕ್ಷರ ಮಾತ್ರ ನೋಡಿ ಜಾತಿ ಹೇಳಲೂ ಆಗದು: ‘ಕೆಜಿ’ 310ರಿಂದ 809ರೊಳಗೆ ಡಕೋಟಾ, ಅದೇ ‘ಕೆಜಿ’ 821ರಿಂದ ಲಿಬರೇಟರ್.

ಅಮೆರಿಕದ್ದು ಬಾಲದ ಮೇಲಿರುತ್ತದೆ, ವರ್ಷದ ಮೊದಲ ಅಂಕೆ ಬಿಟ್ಟು. ಬಾಲದಲ್ಲಿ 2ರಿಂದ ಶುರುವಾದರೆ 1942ರ ಖರೀದಿ ಲೆಕ್ಕದ್ದು. ದಾಖಲೆಯಲ್ಲಿ 42 ಎಂದು ಹಾಕಿ ಹುಡುಕಬೇಕು. ಅದು ಹಣ ಮಂಜೂರಾದ ವರ್ಷ, ವಿಮಾನ ಹೊರಬಂದ ವರ್ಷವಲ್ಲ. ಸಂಖ್ಯೆ ಇರಬೇಕಾದ ಕಡೆ ಮಸಿ ಬಳಿದಂತೆ ಅಥವಾ ಗೀಚಿದಂತೆ ಇದ್ದರೆ ಸೆನ್ಸಾರಿನವರ ಕೈ. ಅಲ್ಲಿ ಎಷ್ಟು ಹಿಗ್ಗಿಸಿದರೂ ಏನೂ ಹೊರಡದು.

ಹಿನ್ನೆಲೆ

ಕಲ್ಲುಬಂಡೆಯ ಗುಡ್ಡ ಕಂಡೊಡನೆ ಗಂಗಾವತಿ, ಕಂಪ್ಲಿ ಎನ್ನಬೇಡಿ. ಕೆರೆನ್ ಸುತ್ತಲೂ ಬೋಳು ಕಲ್ಲುಗುಡ್ಡಗಳೇ. ಬಳ್ಳಾರಿ ಜಾಲಿಯ ಪೊದೆ ಕಂಡರೂ ಬಳ್ಳಾರಿ ಎಂದಾಗದು, ಒಣಸೀಮೆ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಅಂಥ ಮುಳ್ಳುಗಂಟಿ ಇದೆ. ಕೋಟೆ ಗುಡ್ಡದ ಏರಿಳಿತ ಚಿತ್ರದಲ್ಲಿದ್ದರೆ ಇವತ್ತು ಅದೇ ಕೋನದಿಂದ ಫೋಟೊ ತೆಗೆದು ಒಂದರ ಮೇಲೊಂದು ಇಟ್ಟು ನೋಡಿ, ಅದು ನಂಬಬಹುದಾದ ಪರೀಕ್ಷೆ.

ನೆರಳೂ ಸ್ವಲ್ಪ ಹೇಳುತ್ತದೆ. ಬಳ್ಳಾರಿ 15 ಡಿಗ್ರಿ ಉತ್ತರದಲ್ಲಿದೆ. ಡಿಸೆಂಬರ್ ನಡುಹಗಲಲ್ಲೂ ಮನುಷ್ಯನ ನೆರಳು ಅವನ ಎತ್ತರದ ಸುಮಾರು 0.8ರಷ್ಟೇ. ಲಿಬಿಯದ ಕರಾವಳಿಯಲ್ಲಿ ಅದೇ ಹೊತ್ತಿಗೆ ಎತ್ತರದ ಸುಮಾರು ಒಂದೂವರೆ ಪಟ್ಟು. ಹಾಗಾಗಿ ‘ಟೊಬ್ರುಕ್, ಡಿಸೆಂಬರ್’ ಎಂದು ಬರೆದ ಚಿತ್ರದಲ್ಲಿ ನೆರಳು ಎತ್ತರದ ಅರ್ಧದಷ್ಟೇ ಇದ್ದರೆ ಊರೋ ತಿಂಗಳೋ ತಪ್ಪು. ಉದ್ದ ನೆರಳಿನಿಂದ ಮಾತ್ರ ಏನೂ ತಿಳಿಯದು. ಬೆಳಿಗ್ಗೆ ಸಂಜೆ ಎಲ್ಲೆಡೆ ನೆರಳು ಉದ್ದವೇ.

ಒಂದು ಚಿತ್ರವನ್ನು ಪೂರ್ತಿ ಬಿಡಿಸಿದರೆ

ಸಿಂಧನೂರಿನ ಒಂದು ಆಲ್ಬಮ್ಮಿನ ಫೋಟೊ ಎಂದು ಕಲ್ಪಿಸಿಕೊಳ್ಳಿ. ಹಿಂದೆ ‘ಜೀರೊ, 1944’ ಎಂದಿದೆ. ಹೊಟ್ಟೆಯ ಮೇಲೆ ಕುಳಿತ ಒಂದು ಎಂಜಿನ್ನಿನ ವಿಮಾನ, ಎಂಜಿನ್ ದುಂಡಗಿನದು, ಮೂರು ಅಲಗು, ಒಡಲ ಮೇಲೆ ಪೂರ್ತಿ ಕಪ್ಪಾದ ವೃತ್ತ.

ವೃತ್ತದ ನಡುವೆ ತಿಳಿ ಬಣ್ಣವಿಲ್ಲ, ಹಾಗಾಗಿ ಎರಡು ನೀಲಿಯ ಬ್ರಿಟಿಷ್ ಗುರುತಲ್ಲ. ಜಪಾನಿನದೇ ಎಂದಾದ ಮೇಲೂ ‘ಜೀರೊ’ ಎಂಬ ಬರಹವನ್ನು ಬದಿಗಿಡಿ. ಬರ್ಮಾದಲ್ಲಿ ಎದುರಾಗುತ್ತಿದ್ದದ್ದು ಹೆಚ್ಚಾಗಿ ಜಪಾನಿನ ಭೂಸೇನೆಯ ವಿಮಾನಗಳು, ಜೀರೊ ನೌಕಾಪಡೆಯದು. ಸಿಪಾಯಿಗಳ ಬಾಯಲ್ಲಿ ಎಲ್ಲವೂ ಜೀರೊ ಆಗಿತ್ತು. ರೆಕ್ಕೆಯ ಮುಂಚಾಚು ಪೂರ್ತಿ ಉಳಿದಿದ್ದು ಅದರಲ್ಲಿ ಫಿರಂಗಿಯ ತೂತಿಲ್ಲವೇ? ಜೀರೊದ ಪ್ರತಿ ರೆಕ್ಕೆಯಲ್ಲೂ 20 ಮಿ.ಮೀ. ಫಿರಂಗಿ ಇರಲೇಬೇಕು. ಎಂಜಿನ್ ಮುಚ್ಚಳದ ಮೇಲೆ ಎರಡು ಬಂದೂಕಿನ ಕಾಲುವೆ ಮಾತ್ರ ಇವೆಯೇ? ಬಾಲದ ಸಣ್ಣ ಗಾಲಿ ಒಳಗೆ ಹೋಗದ ಬಗೆಯದೇ? ಜೀರೊದ್ದು ಒಳಗೆ ಹೋಗುತ್ತದೆ. ಇಷ್ಟಕ್ಕೇ ಜೀರೊ ಬಿತ್ತು. ಉಳಿದದ್ದು ಭೂಸೇನೆಯ ನಕಾಜಿಮಾ ಕಿ-43. ಅದರ ಮೊದಲ ಮಾದರಿಗೆ ಎರಡೇ ಅಲಗು, ಎರಡನೆಯದಕ್ಕೆ ಮೂರು. ಇಲ್ಲಿ ಮೂರಿರುವುದರಿಂದ ಎರಡನೇ ಮಾದರಿ, ಮತ್ತು 1944 ಎಂಬ ಬರಹಕ್ಕೆ ಇದರಿಂದ ಅಡ್ಡಿಯಿಲ್ಲ. ಬಾಲದ ಮೇಲಿನ ಚಿಹ್ನೆ ಅರೆಬರೆ ಕಂಡರೆ ಘಟಕದ ಹೆಸರು ಹೇಳುವ ಆಸೆಯಾಗುತ್ತದೆ. ಅರ್ಧ ಚಿಹ್ನೆಗೆ ಇಡೀ ಹೆಸರು ಕೊಡಬಾರದು.

ದಾಖಲೆಗೆ ಹೋಗುವಾಗ

ಜಾತಿ, ಸಂಖ್ಯೆ, ಅಂದಾಜು ತಿಂಗಳು: ಈ ಮೂರರಲ್ಲಿ ಎರಡಾದರೂ ಕೈಯಲ್ಲಿದ್ದರೆ ಮಾತ್ರ ದಾಖಲೆ ಕೇಳಿ. ಬ್ರಿಟಿಷ್ ಸ್ಕ್ವಾಡ್ರನ್‌ಗಳ ದಿನಚರಿ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಏರ್ 27 ಸರಣಿಯಲ್ಲಿದೆ. ಪ್ರತಿ ವಿಮಾನದ ಓಡಾಟದ ಕಾರ್ಡು ಫಾರ್ಮ್ 78, ಅಪಘಾತದ ಕಾರ್ಡು ಫಾರ್ಮ್ 1180. ಅಮೆರಿಕದ ವಿಮಾನ ಕಾಣೆಯಾಗಿದ್ದರೆ 1943ರಿಂದ ಈಚೆಗೆ ಸಿಬ್ಬಂದಿ ನಾಪತ್ತೆ ವರದಿ ಇರುತ್ತದೆ. ಮಡಿದವರ ಹೆಸರು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಸಿಗುತ್ತದೆ. ಈ ಭಾಗದಲ್ಲಿ ದೇಹ ಸಿಗದೆಹೋದ ವಾಯುಪಡೆಯವರ ಹೆಸರುಗಳು ಸಿಂಗಪುರದ ಕ್ರಾಂಜಿ ಸ್ಮಾರಕದ ಮೇಲಿವೆ. ಚಿತ್ರದಲ್ಲಿ ಶವ ಕಾಣುತ್ತಿದ್ದರೆ ಆ ಭಾಗ ಬಿಟ್ಟು ಪ್ರತಿ ಹಂಚಿ. ಫೋಟೊದ ಜಾಡು ಹಿಡಿದು ಹೊಲಕ್ಕೆ ಹೋದಾಗ ತೋಟಾ, ಗುಂಡು ಸಿಕ್ಕರೆ ಮುಟ್ಟದೆ 112ಕ್ಕೆ ಫೋನ್ ಮಾಡಿ. ಎಂಬತ್ತು ವರ್ಷ ಮಣ್ಣಲ್ಲಿದ್ದರೂ ಸಿಡಿಮದ್ದು ಸಿಡಿಯಬಲ್ಲದು.

ಕೊನೆಗೆ ಬರೆದಿಡುವುದು. ಫೋಟೊದ ಬೆನ್ನ ಮೇಲೆ ಪೆನ್ನು ತಾಗಿಸಬೇಡಿ. ಶಾಯಿ ಎದುರಿಗೆ ಇಳಿಯುತ್ತದೆ. ಲಕೋಟೆಯ ಮೇಲೆ, ಫೋಟೊ ಒಳಗಿಡುವ ಮೊದಲೇ, ಮೆತ್ತನೆಯ ಪೆನ್ಸಿಲಿನಲ್ಲಿ ಬರೆಯಿರಿ. ಕಂಡದ್ದು, ಕಳೆದುಹಾಕಿದ್ದು, ಊಹಿಸಿದ್ದು ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ: ‘ಕಿ-43 ಎರಡನೇ ಮಾದರಿ. ರೆಕ್ಕೆಯಲ್ಲಿ ಫಿರಂಗಿ ಇಲ್ಲದ್ದರಿಂದ ಜೀರೊ ಅಲ್ಲ. ಬರ್ಮಾ ಇರಬಹುದು, ಹಿಂಬದಿಯ ಬರಹ ಮಾತ್ರ ಆಧಾರ.’ ಹಳೆಯ ಪೆನ್ಸಿಲ್ ಬರಹವನ್ನು ತಪ್ಪಿದ್ದರೂ ಅಳಿಸಬೇಡಿ, ಅದನ್ನು ಇದ್ದಂತೆಯೇ ನಾಲ್ಕನೇ ಸಾಲಿಗೆ ನಕಲು ಮಾಡಿ.